ಹೆವೆನ್ ಆನ್ ಹೈ ಟವರಲ್ಲಿ ಪದೇ ಪದೇ ಸಾಯೋದು ತಪ್ಪಿದ್ದು ಹೀಗೆ

ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಗೇಮ್ ಆಡೋರಿಗೆ ಗೊತ್ತಿರುತ್ತೆ, ಹೆವೆನ್ ಆನ್ ಹೈ ಅಂದ್ರೆ 100 ಫ್ಲೋರಿನ ಟವರು, ಪ್ರತಿ ಸಲ ಮ್ಯಾಪ್ ಬೇರೆ, ಹತ್ತತ್ತು ಫ್ಲೋರಿಗೆ 60 ನಿಮಿಷ ಟೈಮು. ನಾವು ನಾಲ್ಕು ಜನ 40 ದಾಟೋ ಮುಂಚೆನೇ ಮೂರು ಸಲ ಮಕಾಡೆ ಮಲಗಿದ್ವಿ, ಎಲ್ರೂ ಸತ್ರೆ ಸೇವ್ ಆಗಿದ್ದ ಆಟದ ಕಥೆ ಮುಗೀತು. ಡ್ಯಾಮೇಜ್ ಸಾಲ್ತಿಲ್ಲ ಅಂದ್ಕೊಂಡಿದ್ದೆ, ನೋಡಿದ್ರೆ ತಪ್ಪು ನಂದೇ, ಚೆಸ್ಟ್ (ನಿಧಿ ಪೆಟ್ಟಿಗೆ) ಕಂಡ ತಕ್ಷಣ ರೂಮ್ ಮಧ್ಯದಲ್ಲೇ ಓಡೋಗಿ ಕಣ್ಣಿಗೆ ಕಾಣದ ಲ್ಯಾಂಡ್‌ಮೈನ್ ತುಳೀತಿದ್ದೆ. ಈಗ ಗೋಡೆ ಪಕ್ಕಾನೇ ನಡೆಯೋದು, ಆಮೇಲೆ ಟ್ರ್ಯಾಪ್ ತೋರ್ಸೋ ಪೊಮ್ಯಾಂಡರ್ ಆಫ್ ಸೈಟ್ ಅನ್ನೋ ಐಟಮ್ಮನ್ನ ಜಿಪುಣರ ಥರ ಕೂಡಿಡಲ್ಲ, ಹೇಗೂ ಮೂರಕ್ಕಿಂತ ಜಾಸ್ತಿ ಇಟ್ಕೊಳ್ಳೋಕಾಗಲ್ವಲ್ಲ! ಸಿಲ್ವರ್ ಚೆಸ್ಟಿಂದ ಏರಿಸಿದ ಆಯುಧದ ಬಲ ಸತ್ರೂ ಹೋಗಲ್ಲ, ಪುಣ್ಯ. ನಿನ್ನೆ ರಾತ್ರಿ 50 ದಾಟಿದ್ವಿ.