ಕೆರೆಯ ಗಿರ್ಲು ಮೀನನ್ನು ಮನೆಯ ತೊಟ್ಟಿಯಲ್ಲಿ ಸಾಕುವುದು ಹೇಗೆ?

ಕೆರೆಗಳು ಕೋಡಿ ಬಿದ್ದ ವರ್ಷ ತುಮಕೂರಿನ ಸುತ್ತಮುತ್ತ ಮೀಸೆಮೀನುಗಳನ್ನು ಹಿಡಿದು ತಂದು ಗಾಜಿನ ತೊಟ್ಟಿಗೆ ಬಿಡುವವರು ಹೆಚ್ಚುತ್ತಾರೆ. ಹತ್ತು ದಿನ ಕಳೆದು ಹೋಗಿ ನೋಡಿದರೆ ಆ ತೊಟ್ಟಿಗಳಲ್ಲಿ ಬಹುಪಾಲು ಖಾಲಿಯಾಗಿರುತ್ತವೆ. ನಾನು ಕಂಡ ಸಾವುಗಳಲ್ಲಿ ಹೆಚ್ಚಿನವು ಬಲೆಯಿಂದ ತೊಟ್ಟಿಯವರೆಗಿನ ದಾರಿಯಲ್ಲೇ ನಿಶ್ಚಯವಾಗಿದ್ದವು. ಆದ್ದರಿಂದ ಇಲ್ಲಿ ಆ ದಾರಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲಿಗೆ ಮೀನಿನ ಆಯ್ಕೆ. ನಮ್ಮ ಕೆರೆಗಳ ಮೀಸೆಮೀನುಗಳಲ್ಲಿ ಮನೆಯ ತೊಟ್ಟಿಗೆ ಹೊಂದುವುದು ಗಿರ್ಲು ಮಾತ್ರ. ಕೋಲಾರ, ಚಿಕ್ಕಬಳ್ಳಾಪುರದ ತೆಲುಗು ಮಾತಿನ ಮನೆಗಳಲ್ಲಿ ಇದೇ ಜೆಲ್ಲ. ಅದರಲ್ಲೂ ನಾಲ್ಕು ಜೊತೆ ಮೀಸೆ, ಕಿವಿರಿನ ಹಿಂದೆ ಒಂದು ಕಪ್ಪು ಮಚ್ಚೆ, ಮೈಯುದ್ದಕ್ಕೂ ಪಟ್ಟೆಗಳಿರುವ ಮಿಸ್ಟಸ್ ವಿಟ್ಟೇಟಸ್ ಎಂಬ ಜಾತಿ ಸಾಮಾನ್ಯವಾಗಿ ಗೇಣುದ್ದವನ್ನು ದಾಟುವುದಿಲ್ಲ. ಬಾಳೆ ಮೀನು ಒಂದು ಮೀಟರನ್ನೂ ಮೀರಿ ಬೆಳೆಯುತ್ತದೆ. ಚೇಳು ಮೀನಿನ ಎದೆಯ ಮುಳ್ಳಿನಲ್ಲಿ ವಿಷವಿದೆ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಅಕ್ವೇರಿಯಂ ಅಂಗಡಿಯಲ್ಲಿ ಶಾರ್ಕ್ ಎಂದು ಮಾರುವ ಮರಿ ನಮ್ಮ ನಾಡಿನದಲ್ಲ, ಶಾರ್ಕ್ ಕೂಡ ಅಲ್ಲ. ಅದು ಆಗ್ನೇಯ ಏಷ್ಯಾದ ನದಿಗಳ ದೈತ್ಯ ಮೀಸೆಮೀನು. ಇನ್ನು ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ದೇಶದಲ್ಲಿ ನಿಷೇಧವಿರುವುದರಿಂದ ಆ ಮಾತನ್ನೇ ಎತ್ತಬೇಕಾಗಿಲ್ಲ.

ತೊಟ್ಟಿಯನ್ನು ಮೀನಿಗಿಂತ ಕನಿಷ್ಠ ಒಂದು ತಿಂಗಳು ಮೊದಲೇ ಸಿದ್ಧಪಡಿಸಬೇಕು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 120 ಲೀಟರ್ ನೀರು ಹಿಡಿಯುತ್ತದೆ. ಐದಾರು ಗಿರ್ಲುಗಳಿಗೆ ಅಷ್ಟು ಸಾಕು. ಮೀನಿನ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅವುಗಳಿಗೂ ಆಹಾರ ಬೇಕಾದ್ದರಿಂದ ಖಾಲಿ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ನನ್ನ ಆಯ್ಕೆ ಸ್ಪಂಜ್ ಫಿಲ್ಟರ್. ಹಳೆಯ ತೊಟ್ಟಿಯೊಂದರ ಕೊಳಕು ಸ್ಪಂಜನ್ನು ತಂದು ಹೊಸದರಲ್ಲಿ ಹಿಂಡುವುದಕ್ಕಿಂತ ಒಳ್ಳೆಯ ಒಳದಾರಿ ಬೇರೆ ಇಲ್ಲ. ತಳಕ್ಕೆ ಎಂ-ಸ್ಯಾಂಡ್ ಹಾಕಲೇಬಾರದು, ಏಕೆಂದರೆ ಅದರ ಚೂಪು ಅಂಚುಗಳಿಗೆ ಮೀಸೆಗಳು ಸವೆದು ಮೋಟಾಗುತ್ತವೆ. ತೊಳೆದ ನುಣುಪು ಹೊಳೆಮರಳು, ಎರಡು ಅಂಗುಲದ ಪಿವಿಸಿ ಪೈಪಿನ ತುಂಡುಗಳು, ಒಂದೆರಡು ಒಡೆದ ಮಡಕೆ, ಮೇಲೊಂದು ಭದ್ರವಾದ ಮುಚ್ಚಳ ಇದ್ದರೆ ಮುಗಿಯಿತು.

ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನು ಕೇಳಿಯೇ ಹಿಡಿಯಬೇಕು, ಅಥವಾ ಬೆಳಗಿನ ಜಾವ ಬಲೆ ಎಳೆಯುವವರಿಂದಲೇ ಜೀವಂತ ಮೀನನ್ನು ಕೊಳ್ಳಬೇಕು.

ಈಗ ಬಹುತೇಕರು ಎಡವುವ ಹಂತ. ಗಿರ್ಲು ಹೆದರಿದೊಡನೆ ಬೆನ್ನಿನ ಒಂದು ಮುಳ್ಳನ್ನೂ ಎದೆಯ ಎರಡು ಮುಳ್ಳುಗಳನ್ನೂ ನಿಗುರಿಸಿ ಬಿಗಿಹಿಡಿಯುತ್ತದೆ. ಎದೆಯ ಮುಳ್ಳಿನ ಹಿಂಬದಿಯಲ್ಲಿ ಗರಗಸದಂಥ ಹಲ್ಲುಗಳಿರುವುದರಿಂದ ಬಲೆಯ ನೂಲು ಅದಕ್ಕೆ ಸಿಕ್ಕಿಕೊಂಡರೆ ಎಳೆದಷ್ಟೂ ಬಿಗಿಯಾಗುತ್ತದೆ. ಜನ ಎಳೆಯುತ್ತಾರೆ; ಮುಳ್ಳಿನ ಬುಡ ಹರಿಯುತ್ತದೆ; ಮೂರನೆಯ ದಿನ ಆ ಗಾಯದ ಮೇಲೆ ಹತ್ತಿಯಂತೆ ಬೂಷ್ಟು ಕಾಣಿಸಿಕೊಳ್ಳುತ್ತದೆ. ಬಲೆಯ ಸಮೇತ ಮೀನನ್ನು ಅಗಲವಾದ ಬೇಸಿನ್ನಿನ ನೀರಿನಲ್ಲಿಟ್ಟು, ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಕಣ್ಣಿಗಳನ್ನು ಒಂದೊಂದಾಗಿ ಕತ್ತರಿಸುವುದೇ ಸರಿ. ಬಲೆ ಹಾಳಾಗುತ್ತದೆ ಎಂದು ಬಲೆಯವರು ಗೊಣಗಿದರೆ ಅದರ ಬೆಲೆ ಕೊಟ್ಟುಬಿಡಿ. ಒಣ ಟವೆಲಿನಿಂದ ಮೀನನ್ನು ಹಿಡಿಯಬೇಡಿ: ಹುರುಪೆಗಳಿಲ್ಲದ ಈ ಮೀನಿಗೆ ಮೈಮೇಲಿನ ಲೋಳೆಯೇ ಕವಚ, ಟವೆಲು ಅದನ್ನು ಒರೆಸಿ ತೆಗೆಯುತ್ತದೆ. ಮುಂದೆ ಮನೆಯಲ್ಲಿಯೂ ಬಲೆ ಬೇಡ, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ಬಳಸಿ. ಕೈಗೆ ಮುಳ್ಳು ಚುಚ್ಚಿದರೆ ತಡೆದುಕೊಳ್ಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಿ. ಊತ ಏರಿದರೆ ವೈದ್ಯರಲ್ಲಿಗೆ ಹೋಗಿ.

ಸಾಗಿಸಲು ಪ್ಲಾಸ್ಟಿಕ್ ಚೀಲ ಬಳಸಿದರೆ ಮುಳ್ಳು ಅದನ್ನು ತೂತು ಮಾಡುತ್ತದೆ. ಮುಚ್ಚಳಕ್ಕೆ ರಂಧ್ರ ಕೊರೆದ 20 ಲೀಟರಿನ ಬಕೆಟ್‌ನಲ್ಲಿ ಮೂರನೇ ಒಂದು ಭಾಗ ಕೆರೆಯ ನೀರು ತುಂಬಿ, ನಾಲ್ಕಕ್ಕಿಂತ ಹೆಚ್ಚು ಮೀನು ಹಾಕದೆ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ತನ್ನಿ. ದಾರಿ ಒಂದು ಗಂಟೆಗೂ ಮಿಕ್ಕಿದ್ದರೆ ಬ್ಯಾಟರಿ ಏರ್‌ಪಂಪ್ ಬೇಕು.

ಮನೆ ತಲುಪಿದ ಮೇಲೆ ಚೀಲವನ್ನು ಹದಿನೈದು ನಿಮಿಷ ತೊಟ್ಟಿಯಲ್ಲಿ ತೇಲಿಸಿ ಮೀನನ್ನು ಬಿಡುವುದು ಅಂಗಡಿಯವರು ಕಲಿಸುವ ಪದ್ಧತಿ. ಅದು ಉಷ್ಣತೆಯನ್ನು ಮಾತ್ರ ಸರಿದೂಗಿಸುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ, ಪಾವಗಡದಂಥ ಕಡೆ ವಿಶೇಷವಾಗಿ, ಕೊಳವೆಬಾವಿಯ ಗಡಸು ನೀರಿಗೂ ಮಳೆ ತುಂಬಿದ ಕೆರೆಯ ನೀರಿಗೂ ಅಜಗಜಾಂತರವಿದೆ. ಗಿರ್ಲು ಗಡಸು ನೀರಿಗೆ ಒಗ್ಗಿಕೊಳ್ಳಬಲ್ಲದು, ಆದರೆ ದಿಢೀರ್ ಬದಲಾವಣೆಯನ್ನು ತಾಳಲಾರದು. ತೊಟ್ಟಿಯಿಂದ ಸಣ್ಣ ಕೊಳವೆಯೊಂದನ್ನು ಬಕೆಟ್‌ಗೆ ಇಳಿಬಿಟ್ಟು, ಅದಕ್ಕೆ ಗಂಟು ಹಾಕಿ, ಸೆಕೆಂಡಿಗೆ ಎರಡು ಮೂರು ಹನಿಯಂತೆ, ಬಕೆಟ್‌ನ ನೀರು ಎರಡರಷ್ಟಾಗುವವರೆಗೆ ಬೀಳಲು ಬಿಡಿ. ಅರ್ಧ ದಿನ ಹಿಡಿದರೂ ಚಿಂತೆಯಿಲ್ಲ, ಏರ್‌ಪಂಪ್ ನಡೆಯುತ್ತಿರಲಿ. ಈ ಕೊಳವೆಬಾವಿ ನೀರನ್ನೂ ಆಗ ತಾನೇ ಎತ್ತಿದ್ದು ಬಳಸಬಾರದು; ಅದರಲ್ಲಿ ಆಮ್ಲಜನಕ ಕಡಿಮೆ, ರಾತ್ರಿಯಿಡೀ ಗಾಳಿಯಾಡಿಸಬೇಕು. ನಗರದ ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಸಾಕು. ಕೆರೆಯ ನೀರನ್ನು ಮಾತ್ರ ತೊಟ್ಟಿಗೆ ಸುರಿಯಬಾರದು, ಅದರಲ್ಲಿ ಮೀನಿನ ಹೇನು, ಜಿಗಣೆ ಬರುತ್ತವೆ.

ಹೀಗೆ ಒಗ್ಗಿಸಿದ ಮೀನನ್ನು ನೇರವಾಗಿ ತೊಟ್ಟಿಗೆ ಬಿಡಬೇಡಿ; ಮೊದಲ ಮೂರು ವಾರ ಅದು ಬೇರೊಂದು ಟಬ್ಬಿನಲ್ಲಿ, ಕತ್ತಲಲ್ಲಿ, ಒಂದು ಪೈಪಿನೊಂದಿಗೆ ಇರಲಿ. ಇಲ್ಲಿಗೂ ಹಳೆಯ ತೊಟ್ಟಿಯ ಸ್ಪಂಜೊಂದು ಬೇಕು. ರೋಗನಿವಾರಕವೆಂದು ಮಾರುವ ಹಸಿರು, ನೀಲಿ ದ್ರಾವಣಗಳನ್ನು ಮುಂಜಾಗ್ರತೆಯ ಹೆಸರಿನಲ್ಲಿ ಸುರಿಯಬೇಡಿ. ಹುರುಪೆಯಿಲ್ಲದ ಮೀನಿಗೆ ಬಾಟಲಿಯ ಮೇಲಿನ ಪ್ರಮಾಣವೇ ಅಪಾಯಕಾರಿಯಾಗಬಹುದು.

ಎರಡು ದಿನ ಆಹಾರ ಬೇಡ. ಮೂರನೆಯ ರಾತ್ರಿ ದೀಪ ಆರಿಸಿದ ಮೇಲೆ, ಔಷಧಿ ಹೊಡೆಯದ ಹೊಲದ ಎರೆಹುಳುವನ್ನು ಕತ್ತರಿಸಿ ಪೈಪಿನ ಬಾಯಿಗೆ ಹಾಕಿ. ಬೆಳಗ್ಗೆ ಉಳಿದದ್ದನ್ನು ತೆಗೆಯಿರಿ. ಕೋಳಿ ಈಲಿಯ ಸುಲಭದಾರಿ ನೀರನ್ನು ಜಿಡ್ಡುಗಟ್ಟಿಸುತ್ತದೆ. ಒಂದೆರಡು ವಾರದಲ್ಲಿ ಗಿರ್ಲುಗಳು ತಳಕ್ಕೆ ಮುಳುಗುವ ಗುಳಿಗೆ ಆಹಾರಕ್ಕೂ ಒಗ್ಗುತ್ತವೆ. ಗಪ್ಪಿಯಂಥ ಸಣ್ಣ ಮೀನುಗಳನ್ನು ಜೊತೆಗಿಟ್ಟರೆ ರಾತ್ರಿ ಅವೇ ಆಹಾರವಾಗುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಚೇಳು ಮೀನು ಮೇಲಿನ ಗಾಳಿಯನ್ನು ಉಸಿರಾಡಿ ಬದುಕಬಲ್ಲದು; ಗಿರ್ಲು ಹಾಗೆ ಬದುಕಲಾರದಾದ್ದರಿಂದ, ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿ ಪಂಪನ್ನು ಚಾರ್ಜ್ ಮಾಡಿ ತೊಟ್ಟಿಯ ಪಕ್ಕದಲ್ಲೇ ಇಟ್ಟುಕೊಳ್ಳಿ.