ಗರಾಜಿನಲ್ಲಿ 383 ಕಟ್ಟುವಾಗ: ಮೊದಲು ಸಂದು ನೋಡಿ, ಆಮೇಲೆ ಬ್ಯಾಲೆನ್ಸ್ ಮಾಡಿಸಿ

ಮಿಶಿಗನ್‌ನ ನಮ್ಮ ಮನೆ ಗರಾಜಿನಲ್ಲಿ ಈಗ ಸ್ಟ್ಯಾಂಡ್ ಮೇಲಿರುವುದು ನಾನು ಕಟ್ಟುತ್ತಿರುವ ಎರಡನೇ 383 ಎಂಜಿನ್. ಷೆವ್ರೊಲೆ ಸ್ಮಾಲ್ ಬ್ಲಾಕ್ 350, ಅಂದರೆ 350 ಘನ ಇಂಚಿನ ಎಂಟು ಸಿಲಿಂಡರ್ ಕಾರ್ ಎಂಜಿನ್ ತಗೊಂಡು, ಸಿಲಿಂಡರುಗಳನ್ನು 30 ಥೌ ಅಗಲವಾಗುವಂತೆ ಬೋರ್ ಮಾಡಿಸಿ, 3.75 ಇಂಚು ಸ್ಟ್ರೋಕಿನ ಕ್ರ್ಯಾಂಕ್ ಕೂರಿಸಿದರೆ 383 ಘನ ಇಂಚು ಆಗುತ್ತದೆ. ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಕ್ರ್ಯಾಂಕ್ ಅಂದರೆ ಆ ಓಟವನ್ನು ಸುತ್ತುವಿಕೆಯಾಗಿ ಮಾಡುವ ದಂಡ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. 40 ಥೌ ಸೇರಿದರೆ ಹೆಚ್ಚುಕಡಿಮೆ 1 ಮಿಲಿಮೀಟರ್.

350ರ ಮೂಲ ಸ್ಟ್ರೋಕ್ 3.48 ಇಂಚು. 3.75 ಇಂಚಿನ ಸ್ಟ್ರೋಕ್ 1970ರಲ್ಲಿ ಬಂದ ಷೆವಿ 400 ಎಂಜಿನ್ನಿನದು. ಈ ಕ್ರ್ಯಾಂಕ್ ಹಾಕಿದಾಗ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು) ದೊಡ್ಡ ತಲೆ ಸುತ್ತುವ ವೃತ್ತ ಎಲ್ಲ ಕಡೆಗೂ 135 ಥೌ, ಅಂದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. 350 ಬ್ಲಾಕ್ ಎರಕ ಹೊಯ್ದವರು ಅಷ್ಟು ಜಾಗ ಬಿಟ್ಟಿರಲಿಲ್ಲ. ಆ ಜಾಗ ನಾವೇ ಮಾಡಿಕೊಳ್ಳಬೇಕು.

ಮೊದಲ ಎಂಜಿನ್ನಿನಲ್ಲಿ ನಾನು ಕೆಲಸದ ಕ್ರಮ ತಪ್ಪಿಸಿದೆ. ಕ್ರ್ಯಾಂಕ್, ರಾಡ್, ಪಿಸ್ಟನ್ ಎಲ್ಲವನ್ನೂ ಮೊದಲು ಬ್ಯಾಲೆನ್ಸಿಂಗಿಗೆ (ತಿರುಗುವಾಗ ಅದುರದ ಹಾಗೆ ತೂಕ ಸರಿಮಾಡುವುದು) ಕೊಟ್ಟೆ, ಜೋಡಿಸಿ ನೋಡಿದ್ದು ಆಮೇಲೆ. ಎರಡು ರಾಡುಗಳು ಕ್ಯಾಮಿಗೆ, ಅಂದರೆ ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡಕ್ಕೆ, ತಾಗುತ್ತಿದ್ದವು. ರಾಡ್ ಉಜ್ಜಿದರೆ ತೂಕ ಬದಲಾಗುತ್ತದಲ್ವಾ? ಎಲ್ಲವನ್ನೂ ಮತ್ತೆ ಹೊತ್ತುಕೊಂಡು ಹೋಗಿ, ಎರಡನೇ ಸಲ ದುಡ್ಡು ಕೊಟ್ಟು ಬಂದೆ. ಅದಕ್ಕೇ ಹೇಳುವುದು, ಒಮ್ಮೆ ಪೂರ್ತಿ ಸುಳ್ಳು ಜೋಡಣೆ ಮಾಡಿ, ಸಂದು ನೋಡಿ, ಉಜ್ಜಿ, ಬಿಚ್ಚಿ. ಬ್ಯಾಲೆನ್ಸಿಂಗ್ ಆಮೇಲೆ.

ಸುಳ್ಳು ಜೋಡಣೆಗೆ ಪಿಸ್ಟನ್ ರಿಂಗ್ ಬೇಡ. ರಿಂಗ್ ಇಲ್ಲದಿದ್ದರೆ ಕ್ರ್ಯಾಂಕ್ ಹಗುರವಾಗಿ ತಿರುಗುತ್ತದೆ, ಎಲ್ಲಿ ತಾಗಿದರೂ ಕೈಗೆ ಗೊತ್ತಾಗುತ್ತದೆ. ಬೇರಿಂಗಿಗೆ ಎಣ್ಣೆ ಹಚ್ಚಿ, ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಕ್ಯಾಪುಗಳನ್ನು ಬಿಗಿ ಮಾಡಿ. ಕೊನೆಗೆ ಯಾವ ರಾಡ್, ಯಾವ ಬೋಲ್ಟ್ ಹಾಕುತ್ತೀರೋ ಈಗಲೂ ಅದನ್ನೇ ಹಾಕಿ. ಬೋಲ್ಟಿನ ತಲೆ ಬೇರೆಯಾದರೆ ನೀವು ಅಳೆದ ಸಂದಿಗೆ ಅರ್ಥವಿಲ್ಲ.

ನನ್ನ ಅಳತೆಗೋಲು 1/16 ಇಂಚಿನ ಡ್ರಿಲ್ ಬಿಟ್, ಅದರ ಹಿಂದಿನ ನುಣುಪು ಭಾಗ. ಅದು 62 ಥೌ ದಪ್ಪ. ಬ್ಲಾಕಿಗೂ ರಾಡಿಗೂ ನಡುವೆ ಕನಿಷ್ಠ 60 ಥೌ ಸಂದು ಬೇಕು, ಹಾಗಾಗಿ ಬಿಟ್ ಸಲೀಸಾಗಿ ತೂರಿದರೆ ಸಾಕು. ತಾಗುವುದು ಮುಖ್ಯವಾಗಿ ಎರಡು ಕಡೆ. ಒಂದು, ಆಯಿಲ್ ಪ್ಯಾನ್ ಕೂರುವ ಅಂಚಿನ ಒಳಭಾಗ. ಇನ್ನೊಂದು, ಸಿಲಿಂಡರಿನ ಕೆಳ ತುದಿ. ಎಂಟೂ ಸಿಲಿಂಡರ್ ನೋಡಿ. ಎರಕ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಈ ಬ್ಲಾಕಿನಲ್ಲಿ 3ನೇ ಸಿಲಿಂಡರ್ ಹತ್ತಿರ ಬಿಟ್ ಆರಾಮಾಗಿ ತೂರಿತು, 5ರ ಹತ್ತಿರ ತುದಿಯೂ ಒಳಗೆ ಹೋಗಲಿಲ್ಲ.

ತಾಗುವ ಜಾಗಕ್ಕೆ ಮಾರ್ಕರ್ ಹಚ್ಚಿ, ಕ್ರ್ಯಾಂಕ್ ತೆಗೆದು, ಡೈ ಗ್ರೈಂಡರಿನಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ. ಎಣ್ಣೆ ದಾರಿಗಳಿಗೆಲ್ಲ ಮೊದಲೇ ಬಟ್ಟೆ ತುರುಕಿ. ಆ ಗೋಡೆಯ ಹಿಂದೆ ಕೆಲವು ಕಡೆ ನೀರಿನ ದಾರಿ ಇರುತ್ತದೆ, ಜಾಸ್ತಿ ಉಜ್ಜಿದರೆ ತೂತು ಬಿದ್ದು ಬ್ಲಾಕೇ ಹೋಗುತ್ತದೆ. ಎರಡು ನಿಮಿಷ ಉಜ್ಜುವುದು, ಮತ್ತೆ ಕ್ರ್ಯಾಂಕ್ ಕೂರಿಸಿ ನೋಡುವುದು. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ.

ಇನ್ನು ಕ್ಯಾಮ್. ಸ್ಮಾಲ್ ಬ್ಲಾಕಿನಲ್ಲಿ ಕ್ಯಾಮ್ ಇರುವುದು ಕ್ರ್ಯಾಂಕಿನ ನೇರ ಮೇಲೆ. ಸಾಮಾನ್ಯವಾಗಿ ತೊಂದರೆ ಕೊಡುವುದು 1, 2, 5, 6ನೇ ರಾಡುಗಳು. ಕ್ರ್ಯಾಂಕನ್ನೂ ಕ್ಯಾಮನ್ನೂ ಕೂಡಿಸುವ ಟೈಮಿಂಗ್ ಚೈನ್ ಹಾಕಿ, ಅದರ ಹಲ್ಲುಗಾಲಿಗಳ ಚುಕ್ಕೆಗಳನ್ನು ಸರಿಯಾಗಿ ಕೂಡಿಸಿಯೇ ಈ ಸಂದು ನೋಡಬೇಕು. ಚೈನ್ ಇಲ್ಲದೆ ನೋಡಿದರೆ ಸುಮ್ನೆ ಸಮಯ ಹಾಳು. ಕ್ಯಾಮ್ ತಿರುಗುವುದು ಅರ್ಧ ವೇಗದಲ್ಲಿ, ಆದ್ದರಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಕ್ಯಾಮನ್ನು ನಾಲ್ಕು ಡಿಗ್ರಿ ಮುಂದಕ್ಕೆ ಕೂರಿಸುವ ಯೋಚನೆ ಇದ್ದರೆ ಹಾಗೇ ಕೂರಿಸಿ ನೋಡಿ, ಸಂದು ಬದಲಾಗುತ್ತದೆ.

ಕಳೆದ ಭಾನುವಾರ ಮಗಳು ಉದ್ದನೆಯ ಪಾನಾ ಹಿಡಿದು ತಿರುಗಿಸುತ್ತಿದ್ದಳು, ನಾನು ಕೆಳಗಿನಿಂದ ಟಾರ್ಚ್ ಬಿಟ್ಟು ನೋಡುತ್ತಿದ್ದೆ.

"ಅಪ್ಪಾ, ಇಲ್ಲಿ ಬಿಗಿ ಆಯ್ತು."

"ನಿಲ್ಸು ಪುಟ್ಟಿ. ಬಲ ಹಾಕ್ಬೇಡ."

ನೋಡಿದರೆ 6ನೇ ರಾಡಿನ ಭುಜ ಕ್ಯಾಮಿನ ಉಬ್ಬಿಗೆ ಒರಗಿ ನಿಂತಿತ್ತು. ಕಪ್ಪು ಕ್ಯಾಮಿನ ಮೇಲೆ ಅಕ್ಕಿ ಕಾಳಿನಷ್ಟು ಬೆಳ್ಳಿ ಗೆರೆ. ಪಾನಾ ಹಿಡಿದವರು ಪೂರ್ತಿ ಕೈ ಬಿಟ್ಟ ಮೇಲೆಯೇ ನಿಮ್ಮ ಬೆರಳು ಒಳಗೆ ಹೋಗಬೇಕು. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ.

ಇಲ್ಲೂ 60 ಥೌ ಬೇಕು. ಕಡಿಮೆ ಇದ್ದರೆ ರಾಡಿನ ಭುಜವನ್ನು ತುಸು ಉಜ್ಜಬಹುದು, ಬೋಲ್ಟನ್ನು ಮುಟ್ಟಬೇಡಿ. ಉಜ್ಜಬೇಕಾದದ್ದು ಜಾಸ್ತಿ ಇದ್ದರೆ ನಾನಾದರೆ ಬೇಸ್ ಸರ್ಕಲ್ (ಉಬ್ಬಿಲ್ಲದ ಕಡೆಯ ದುಂಡು) ಸಣ್ಣದಿರುವ ಕ್ಯಾಮನ್ನೇ ತರಿಸುತ್ತೇನೆ.

ಪಿಸ್ಟನ್ ಎಲ್ಲಿ ನಿಲ್ಲುತ್ತದೆ ಅನ್ನುವುದು ಕೂಡಿಸುವ ಲೆಕ್ಕ. ಅರ್ಧ ಸ್ಟ್ರೋಕ್ 1.875, ರಾಡ್ 5.7, ಪಿನ್ನಿನಿಂದ ಪಿಸ್ಟನ್ ತಲೆಗೆ 1.425. ಒಟ್ಟು 9 ಇಂಚು. ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಎತ್ತರ 9.025. ಅಂದರೆ ಪಿಸ್ಟನ್ 25 ಥೌ ಕೆಳಗೆ ನಿಲ್ಲುತ್ತದೆ. ಒತ್ತಿದ ಮೇಲೆ 15 ಥೌ ಉಳಿಯುವ ಗ್ಯಾಸ್ಕೆಟ್ ಹಾಕಿದರೆ ಹೆಡ್ಡಿಗೂ ಪಿಸ್ಟನ್ನಿಗೂ 40 ಥೌ. ನನಗೆ ಬೇಕಾದದ್ದು ಅಷ್ಟೇ. ಆದರೆ ಕಾಗದದ ಲೆಕ್ಕ ನಂಬಿ ಕೂರಬೇಡಿ, ಹಳೆ ಬ್ಲಾಕಿನ ಮೇಲ್ಮೈಯನ್ನು ಯಾರಾದರೂ ಹಿಂದೆಯೇ ಕೆತ್ತಿಸಿರಬಹುದು. ಡಯಲ್ ಗೇಜ್ ಇಟ್ಟು ನಾಲ್ಕೂ ಮೂಲೆಯ ಸಿಲಿಂಡರ್ ಅಳೆಯಿರಿ.

ವಾಲ್ವಿಗೂ ಪಿಸ್ಟನ್ನಿಗೂ ಇರುವ ಸಂದಿಗೆ ಮಗಳ ಆಟದ ಕ್ಲೇ ಸಾಕು. ರೊಟ್ಟಿ ಹಿಟ್ಟಿನ ಹಾಗೆ ತಟ್ಟಿ ಪಿಸ್ಟನ್ ತಲೆಯ ಮೇಲೆ ಹಚ್ಚಿ, ಅಂಟದ ಹಾಗೆ ಮೇಲೊಂದು ಹನಿ ಎಣ್ಣೆ ಸವರಿ. ಒತ್ತಿದಾಗ ಅಷ್ಟೇ ದಪ್ಪ ಇರುವ ಹಳೆ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿ, ಎರಡು ಸುತ್ತು ತಿರುಗಿಸಿ. ಕ್ಯಾಮಿನ ಉಬ್ಬಿನ ಮೇಲೆ ಕೂತು ವಾಲ್ವಿನ ಕಡೆಗೆ ಒತ್ತುವ ಲಿಫ್ಟರ್ ಹೈಡ್ರಾಲಿಕ್ ಆಗಿದ್ದರೆ ಅದು ಒಳಗೆ ಕುಸಿದು ಸಂದು ಜಾಸ್ತಿ ತೋರಿಸುತ್ತದೆ, ಅದಕ್ಕೆ ಈ ಪರೀಕ್ಷೆಗೆ ಸಾಲಿಡ್ ಲಿಫ್ಟರ್ ಹಾಕಿ. ಹೆಡ್ ತೆಗೆದು, ಕ್ಲೇಯನ್ನು ಬ್ಲೇಡಿನಲ್ಲಿ ಕೊಯ್ದು, ಅತಿ ತೆಳು ಜಾಗ ಅಳೆಯಿರಿ. ಇನ್‌ಟೇಕ್ ಕಡೆ ಕನಿಷ್ಠ 80 ಥೌ, ಎಕ್ಸಾಸ್ಟ್ ಕಡೆ 100. ಎಕ್ಸಾಸ್ಟ್ ವಾಲ್ವ್ ಹೆಚ್ಚು ಬಿಸಿಯಾಗಿ ಉದ್ದವಾಗುತ್ತದೆ, ಅದಕ್ಕೇ ಆ ಹೆಚ್ಚಿನ ಜಾಗ.

ಪಿಸ್ಟನ್ ಪೂರ್ತಿ ಕೆಳಗೆ ಬಂದಾಗ ಅದರ ಅಂಚು ಕ್ರ್ಯಾಂಕಿನ ಭಾರದ ತುಂಡಿಗೆ ತಾಗುತ್ತಾ ಅಂತಲೂ ಅದೇ ಡ್ರಿಲ್ ಬಿಟ್ ತೂರಿಸಿ ನೋಡಿ. ಬೇರಿಂಗ್ ಸಂದಿಗೆ ಪ್ಲಾಸ್ಟಿಗೇಜ್ (ಒತ್ತಿ ಚಪ್ಪಟೆಯಾದಷ್ಟರಿಂದ ಸಂದು ತಿಳಿಸುವ ಪ್ಲಾಸ್ಟಿಕ್ ಎಳೆ) ಸಾಕು, 2ರಿಂದ 2.5 ಥೌ ಬಂದರೆ ಒಳ್ಳೆಯದು. ಅದು ಒಳಗಿರುವಾಗ ಕ್ರ್ಯಾಂಕ್ ತಿರುಗಿಸಬೇಡಿ, ಬೇರಿಂಗಿಗೆ ಎಣ್ಣೆಯೂ ಇರಬಾರದು. ಆಯಿಲ್ ಪಂಪಿಗೆ ಎಣ್ಣೆ ಹೀರುವ ಪಿಕಪ್ಪಿಗೂ ಪ್ಯಾನ್ ತಳಕ್ಕೂ ನಡುವೆ 3/8 ಇಂಚು ಬಿಡಿ.

ಎಲ್ಲ ಅಳತೆಯನ್ನೂ ಸಿಲಿಂಡರ್ ನಂಬರ್ ಹಾಕಿ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಎಲ್ಲ ಬಿಚ್ಚಿ, ಬ್ಲಾಕನ್ನು ಬಿಸಿನೀರು, ಸೋಪು ಹಾಕಿ ಬ್ರಷ್‌ನಲ್ಲಿ ತಿಕ್ಕಿ, ಎಣ್ಣೆ ದಾರಿಗಳ ಒಳಗೂ ತಿಕ್ಕಿ. ಸಿಲಿಂಡರ್ ಒಳಗೆ ಬಿಳಿ ಬಟ್ಟೆ ಒರೆಸಿದಾಗ ಬೂದು ಬಣ್ಣ ಹತ್ತುತ್ತಿದ್ದರೆ ಇನ್ನೊಮ್ಮೆ ತೊಳೆಯಿರಿ. ಹತ್ತದಿದ್ದರೆ ಒಣಗಿಸಿ, ಎಣ್ಣೆ ಸವರಿ, ದೊಡ್ಡ ಪ್ಲಾಸ್ಟಿಕ್ ಚೀಲ ಮುಚ್ಚಿಡಿ. ಈಗ ಕ್ರ್ಯಾಂಕ್, ರಾಡ್, ಪಿಸ್ಟನ್ ಬ್ಯಾಲೆನ್ಸಿಂಗಿಗೆ ಹೋಗಲಿ.