ಬಲಗಾಲು ಯಾಕೆ ನೋಯಬೇಕು? ಬ್ಲಡ್ ಥಿನ್ನರ್ ಮತ್ತು ಕಾಲುನೋವು, ನನ್ನ ಅನುಭವ

ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಿವಿಟಿ ಅಂದರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಡಾಪ್ಲರ್ ಅಂದರೆ ಆ ಹೆಪ್ಪು ಹುಡುಕುವ ಸ್ಕ್ಯಾನ್, ಉಳಿದದ್ದು ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಮಾತ್ರೆ ಶುರುವಾದ ಮೇಲೆ ಕಾಲು ಹಿಂಡುತ್ತೆ, ಪಾದ ಉರಿಯುತ್ತೆ ಅಂತ ಹೇಳಿ, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅನ್ನಿಸಿಕೊಂಡು ವಾಪಸ್ ಬಂದವರು ಎಷ್ಟೋ ಜನ ಇದ್ದೀರಿ. ನನಗೂ ಒಂದು ವರ್ಷದ ಹತ್ತಿರ ಹಾಗೇ ಅಂದರು. ಹಾಗಂದ ಡಾಕ್ಟರೇ ಈಗ ನನ್ನ ನೋಟ್‌ಬುಕ್ಕಿನ ಫೋಟೊ ತೆಗೆದು ಇಟ್ಟುಕೊಂಡಿದ್ದಾರೆ.

ನಾನು ದಾವಣಗೆರೆಯಲ್ಲಿ ಟೈಲರ್. ಹೆಪ್ಪುಗಟ್ಟಿದ್ದು ಎಡಗಾಲಿನಲ್ಲಿ. ರಿವರಾಕ್ಸಬಾನ್ ಅನ್ನೋ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರು. ಮೊದಲ ಮೂರು ವಾರ 15 ಮಿಲಿಗ್ರಾಂನದ್ದು ದಿನಕ್ಕೆ ಎರಡು, ಆಮೇಲೆ 20ರದ್ದು ಒಂದು. ಬಾವು ಚೆನ್ನಾಗಿ ಇಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೆರಡು ತಿಂಗಳಲ್ಲಿ ಎರಡೂ ಮೀನಖಂಡ ಒಳಗಿಂದ ಹಿಂಡಿದ ಹಾಗೆ ನೋಯಲು ಶುರುವಾಯಿತು. ಜೊತೆಗೆ ಪಾದದಲ್ಲಿ ಉರಿ. ಹೆಪ್ಪು ಇದ್ದದ್ದು ಎಡಗಾಲಲ್ಲಿ ತಾನೇ, ಬಲಗಾಲು ಯಾಕೆ ನೋಯಬೇಕು? ಈ ಒಂದು ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಮೊದಲು ದುಡ್ಡು ಹೋದ ದಾರಿ ಹೇಳುತ್ತೇನೆ. ಡಾಪ್ಲರ್ ಮತ್ತೆ ಮಾಡಿಸಿದೆ, ಒಂದು ಸಲಕ್ಕೆ ಎರಡು ಸಾವಿರದ ಆಸುಪಾಸು, ಹೊಸ ಹೆಪ್ಪು ಇಲ್ಲ ಅಂತ ಬಂತು. ಸೊಂಟದ ನರ ಇರಬಹುದು ಅಂತ ಎಂಆರ್‌ಐ, ಅದಕ್ಕೆ ಏಳೋ ಎಂಟೋ ಸಾವಿರ. ಅದರಲ್ಲೂ ಏನಿಲ್ಲ. ಅಕ್ಕನ ಒತ್ತಾಯಕ್ಕೆ ಊರಲ್ಲಿ ಎಣ್ಣೆ ಹಚ್ಚಿ ನೀವಿಸಿದರು, ಬ್ಲಡ್ ಥಿನ್ನರ್ ಮೇಲೆ ಇರುವ ಕಾಲು ನೋಡಿ, ತೊಡೆಯ ತನಕ ನೀಲಿ ಕಟ್ಟಿತು. ನೀವು ಮಾತ್ರ ಆ ಕಡೆ ತಲೆ ಹಾಕಬೇಡಿ. ಮೆಡಿಕಲ್ ಶಾಪಿನವನು ಡೈಕ್ಲೋಫಿನಾಕ್ ಕೊಡಲು ಬಂದ, ನಾನು ಮುಟ್ಟಲಿಲ್ಲ. ಈ ಮಾತ್ರೆ ಜೊತೆ ಅದು ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಜಾಸ್ತಿ. ಕೊಲೆಸ್ಟ್ರಾಲ್ ಮಾತ್ರೆಯಿಂದಲೂ ಹೀಗೆ ಎರಡೂ ಕಾಲು ನೋಯುತ್ತೆ ಅಂತ ಡಾಕ್ಟ್ರು ಅದನ್ನು ಕೆಲವು ವಾರ ನಿಲ್ಲಿಸಿ ನೋಡಿದರು. ನೋವು ಇದ್ದಷ್ಟೇ ಇತ್ತು.

ಇಷ್ಟಾದ ಮೇಲೆ ನನಗೆ ಹೊಳೆದದ್ದು, ಇದು ಒಂದೇ ನೋವಲ್ಲ, ಎರಡು ಮೂರು ನೋವು ಕೂಡಿಕೊಂಡಿವೆ, ಬಿಡಿಸಬೇಕು. ಟೇಪು ಹೇಗೂ ಕೊರಳಲ್ಲೇ ಇರುತ್ತೆ. ಮಂಡಿಚಿಪ್ಪಿನ ಕೆಳಗೆ ಮುಂದುಗಡೆ ಮೂಳೆಯ ಗಂಟು ಕೈಗೆ ಸಿಗುತ್ತಲ್ವಾ, ಅಲ್ಲಿಂದ ನಾಲ್ಕು ಇಂಚು ಕೆಳಗೆ ಪೆನ್ನಿನಲ್ಲಿ ಒಂದು ಗೆರೆ. ಅಳೆಯುವಾಗ ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಬ್ಲೌಸಿನ ತೋಳಿಗೆ ಅಳತೆ ತೆಗೆಯುವಷ್ಟೇ ಹಗುರ ಕೈ. ಬೆಳಗ್ಗೆ ಹಾಸಿಗೆಯಲ್ಲೇ ಒಂದು ಸಲ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಸಲ. ಅಳತೆ, ನೋವು ಬಂದ ಗಂಟೆ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬಲಗಾಲು ಯಾವಾಗಲೂ ಹದಿನಾಲ್ಕು ಇಂಚು. ಎಡಗಾಲು ಬೆಳಗ್ಗೆ ಹದಿನಾಲ್ಕೂ ಕಾಲು, ರಾತ್ರಿ ಹದಿನಾಲ್ಕೂ ಮುಕ್ಕಾಲು. ಎಡಗಾಲಿನ ಸಂಜೆಯ ಭಾರ ಹಳೆ ಹೆಪ್ಪು ಬಿಟ್ಟುಹೋದದ್ದು, ಕಾಲು ಮೇಲಕ್ಕಿಟ್ಟರೆ ಇಳಿಯುತ್ತಿತ್ತು. ಎರಡೂ ಕಾಲಿನ ಹಿಂಡುವ ನೋವು ಬೇರೆ. ಅದು ಬಂದಾಗ ಟೇಪಿನಲ್ಲಿ ಒಂದು ನೂಲೂ ಹೆಚ್ಚು ಕಮ್ಮಿ ಆಗುತ್ತಿರಲಿಲ್ಲ, ಕಾಲು ಮೇಲಕ್ಕಿಟ್ಟರೂ ಇಳಿಯುತ್ತಿರಲಿಲ್ಲ.

ಪಾದದ ಉರಿ ಇನ್ನೊಂದು ಕಥೆ. ನಾನು ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಹಳೆ ಗಿರಾಕಿ. ಈ ಎರಡರಿಂದಲೂ ಬಿ12 ವಿಟಮಿನ್ ಕಮ್ಮಿಯಾಗಿ ಪಾದ ಉರಿಯಬಹುದು, ಅದಕ್ಕೇ ಬಿ12 ನೋಡಿಸಿ ಅಂತ ನಾನೇ ಕೇಳಿ ಬರೆಸಿಕೊಂಡೆ. ತೀರಾ ಕಮ್ಮಿ ಇತ್ತು. ಡಾಕ್ಟರ ಮಾತಿನ ಮೇಲೆ ಚರ್ಮದ ಕೆಳಗೆ ಸಣ್ಣ ಸೂಜಿಯಲ್ಲಿ ಇಂಜೆಕ್ಷನ್ ಕೊಟ್ಟರು, ಬ್ಲಡ್ ಥಿನ್ನರ್‌ನಲ್ಲಿ ಇರುವವರು ಮಾಂಸಕ್ಕೆ ಸೂಜಿ ಹಾಕಿಸಿಕೊಳ್ಳುವ ಮುಂಚೆ ಹೇಳಲೇಬೇಕು. ಒಂದೆರಡು ತಿಂಗಳಲ್ಲಿ ಉರಿ ಮುಕ್ಕಾಲು ಪಾಲು ಹೋಯಿತು. ಮಾತ್ರೆಯ ಮೇಲೆ ಹಾಕಬಹುದಾಗಿದ್ದ ತಪ್ಪು ಅಷ್ಟು ಕಮ್ಮಿಯಾಯಿತು.

ಉಳಿದದ್ದು ಹಿಂಡುವ ನೋವು. ಅದು ಸುಮಾರು ಹನ್ನೊಂದು, ಹನ್ನೆರಡು ಗಂಟೆಗೆ ಏರುತ್ತೆ, ಸಂಜೆಗೆ ಇಳಿಯುತ್ತೆ ಅಂತ ನೋಟ್‌ಬುಕ್ಕಿನಲ್ಲಿ ಎದ್ದು ಕಾಣುತ್ತಿತ್ತು. ಮಾತ್ರೆ ತಗೊಳ್ಳುತ್ತಿದ್ದದ್ದು ಬೆಳಗ್ಗೆ ತಿಂಡಿ ಜೊತೆ. ಈ ಮಾತ್ರೆ ನುಂಗಿದ ಎರಡರಿಂದ ನಾಲ್ಕು ಗಂಟೆಯೊಳಗೆ ರಕ್ತದಲ್ಲಿ ತುದಿ ಮುಟ್ಟುತ್ತೆ. ಡಾಕ್ಟ್ರಿಗೆ ಹೇಳಿ, ಅವರು ತೋರಿಸಿದಂತೆ ಸಮಯ ಸ್ವಲ್ಪ ಸ್ವಲ್ಪವೇ ಸರಿಸಿ, ರಾತ್ರಿ ಮುದ್ದೆ ಊಟಕ್ಕೆ ತಂದೆ. (20ರದ್ದು ಖಾಲಿ ಹೊಟ್ಟೆಗೆ ಸರಿಯಾಗಿ ಹತ್ತಲ್ಲ, ಊಟದ ಜೊತೆಯೇ ಬೇಕು. ಬರೀ ಕಾಫಿ ಬಿಸ್ಕತ್ತು ಸಾಲದು.) ಏನಾಯಿತು ಗೊತ್ತಾ, ನೋವೂ ಹಿಂದೆಯೇ ಸರಿದು ಮಧ್ಯರಾತ್ರಿಗೆ ಬಂತು! ನಿದ್ದೆ ಕೆಟ್ಟರೂ, ನೋವು ಮಾತ್ರೆಯ ಹಿಂದೆಯೇ ಓಡಾಡುತ್ತೆ ಅಂತ ಗೊತ್ತಾಗಿ ಖುಷಿಯಾಯಿತು. ಅಣ್ಣನ ಮಗ ಮಾತ್ರೆಯ ಮಾಹಿತಿ ಚೀಟಿ ಓದಿದ, ಕೈಕಾಲು ನೋವು ಅಡ್ಡ ಪರಿಣಾಮಗಳಲ್ಲಿ ಅಚ್ಚಾಗಿಯೇ ಇತ್ತು.

ಅಳತೆ, ಗಂಟೆ, ಚೀಟಿ ಮೂರನ್ನೂ ಮೇಜಿನ ಮೇಲೆ ಇಟ್ಟೆ. ಡಾಕ್ಟ್ರು ಹತ್ತು ನಿಮಿಷ ಓದಿದರು. ನನಗೆ ಜೀವನಪೂರ್ತಿ ಮಾತ್ರೆ ಬೇಕು, ಹಾಗಾಗಿ ನಿಲ್ಲಿಸುವ ಮಾತಿಲ್ಲ, ಬದಲಿಸೋಣ ಅಂದರು. ಅಪಿಕ್ಸಬಾನ್ ಅನ್ನೋ ಇನ್ನೊಂದು ಬ್ಲಡ್ ಥಿನ್ನರ್, 5ರದ್ದು, ದಿನಕ್ಕೆ ಎರಡು. ಎರಡನೇ ವಾರದಲ್ಲಿ ಒಂದು ರಾತ್ರಿ ನೋವಿಗೆ ಎಚ್ಚರವೇ ಆಗದೆ ನಿದ್ದೆ ಮಾಡಿದೆ. ಮುಂದೆ ಒಮ್ಮೆ ಅಪಿಕ್ಸಬಾನ್ ಊರಲ್ಲಿ ಸಿಗದೆ, ಅವರೇ ಹೇಳಿ ಸ್ವಲ್ಪ ದಿನ ಹಳೆಯದಕ್ಕೆ ಹೋಗಬೇಕಾಯಿತು, ಅದೇ ಹಿಂಡುವ ನೋವು ಅದೇ ಹೊತ್ತಿಗೆ ಹಾಜರ್. ಆಮೇಲೆ ಯಾರೂ ಸಂಬಂಧ ಇಲ್ಲ ಅನ್ನಲಿಲ್ಲ. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ, ನನ್ನ ಪಕ್ಕದ ಅಂಗಡಿಯವರು ವರ್ಷಗಳಿಂದ ರಿವರಾಕ್ಸಬಾನ್ ನುಂಗಿ ಆರಾಮಾಗಿದ್ದಾರೆ.

ಖರ್ಚು? ಹಳೆಯದಕ್ಕೂ ಹೊಸದಕ್ಕೂ ತಿಂಗಳಿಗೆ ಅಲ್ಲಿಗಲ್ಲಿಗೇ, ಜೆನೆರಿಕ್ ಆದರೆ ಸಾವಿರದೊಳಗೆ. ನಾನು ರಿಯಾಯಿತಿ ಪಡೆಯುವ ದಾರಿ ಇಲ್ಲಿ ಬರೆಯಲ್ಲ, ಬರೆದರೆ ಅಂಗಡಿಯವನು ನಿಲ್ಲಿಸಿಬಿಡುತ್ತಾನೆ.

ಎಡಗಾಲಿನ ಭಾರಕ್ಕೆ ಬಿಗಿ ಸ್ಟಾಕಿಂಗ್ಸ್. ಎರಡು ಸಾವಿರ ಕೊಟ್ಟು ತಂದ ಮೊದಲ ಜೋಡಿ ಅಳತೆ ತಪ್ಪಿ ಮಂಡಿ ಕೆಳಗೆ ಕೊರೆಯಿತು, ಎರಡನೆಯದು ಸರಿ ಹೋಯಿತು. ಬೆಳಗ್ಗೆ ಬಾವು ಇಳಿದಾಗ ಅಳತೆ ಕೊಡಿ. ಬೆರಳು ತೆರೆದ ಸ್ಟಾಕಿಂಗ್ಸ್ ಏರಿಸಲು ಜಾರುವ ರೇಷ್ಮೆ ತುಂಡಿನಲ್ಲಿ ಒಂದು ಚೀಲ ಹೊಲಿದಿದ್ದೇನೆ. ಪಾದಕ್ಕೆ ಮೊದಲು ಅದು, ಮೇಲೆ ಸ್ಟಾಕಿಂಗ್ಸ್, ಆಮೇಲೆ ಬೆರಳ ಕಡೆಯಿಂದ ಚೀಲ ಎಳೆದುಬಿಡುವುದು. ಅರ್ಧ ನಿಮಿಷದ ಕೆಲಸ. ಅದರ ಕಟಿಂಗ್ ಮಾತ್ರ ನನ್ನ ಹತ್ತಿರವೇ ಇರಲಿ.

ವಾರ್ಫರಿನ್ ಅನ್ನೋ ಹಳೆ ಕಾಲದ ಬ್ಲಡ್ ಥಿನ್ನರ್ ನುಂಗುವವರಿಗೆ ಒಂದು ಮಾತು. ಶುರುವಾದ ಮೂರರಿಂದ ಎಂಟು ವಾರದೊಳಗೆ ಕಾಲ್ಬೆರಳು ನೇರಳೆ ಬಣ್ಣಕ್ಕೆ ತಿರುಗಿ ನೋಯ್ದರೆ ನೋಟ್‌ಬುಕ್ಕು ಗೀಟ್‌ಬುಕ್ಕು ಏನೂ ಬೇಡ, ಅವತ್ತೇ ತೋರಿಸಿ. ಯಾವ ಮಾತ್ರೆಯವರೇ ಆಗಲಿ, ಒಂದು ಕಾಲು ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಜಾಸ್ತಿ ಊದಿದರೆ, ಉಸಿರು ಕಟ್ಟಿದರೆ, ಮೀನಖಂಡ ಕಲ್ಲಿನಂತೆ ಬಿಗಿದರೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಿ. ನೋವು ಅಂತ ನೀವೇ ಮಾತ್ರೆ ಬಿಡಬೇಡಿ. ಅಳತೆ ಬರೆದಿಡಿ, ಗಂಟೆ ಬರೆದಿಡಿ, ತಗೊಂಡು ಹೋಗಿ ಡಾಕ್ಟ್ರ ಮುಂದೆ ಇಡಿ.